ರದ್ದಿಗೆ ಹೋದ ಅಜ್ಜನ ಪುಸ್ತಕ ಮತ್ತು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ವಿಷಯ ಇತ್ತು, ಅದರ ಜೊತೆಗೆ ಕೋಪವೂ ಇತ್ತು. ಕೋಪದಲ್ಲಿ ಬರೆದಿದ್ದನ್ನು ಮಾರನೇ ದಿನ ಅಳಿಸೋದು ನನ್ನ ಹಳೇ ಚಾಳಿ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೇ ಸ್ವಲ್ಪ ಆರಲಿ ಅಂತ ಬಿಟ್ಟಿದ್ದೆ. ಈಗ ಆರಿದೆ. ಪೂರ್ತಿ ಅಲ್ಲ :-)

ವಿಷಯ ಲೈಬ್ರರಿಯದ್ದು. ಆದರೆ ಶುರು ಮಾಡಬೇಕಾಗಿರೋದು ನಮ್ಮಜ್ಜನಿಂದ.

ನಮ್ಮಜ್ಜ ಪ್ರೈಮರಿ ಸ್ಕೂಲ್ ಮೇಷ್ಟ್ರು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ನಮ್ಮ ಹೋಬಳಿಯ ಊರೂರು ಸುತ್ತಿ ಕೆರೆ, ಕಟ್ಟೆ, ಕುಂಟೆಗಳ ವಿವರ ಬರೆದುಕೊಳ್ಳುತ್ತಿದ್ದರಂತೆ. ಯಾವ ಕೆರೆಗೆ ಎಷ್ಟು ತೂಬು, ಕೋಡಿ ಬಿದ್ದರೆ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ, ನೀರುಗಂಟಿ ಯಾವ ಮನೆಯವರು, ಕೊನೇ ಸಲ ಹೂಳು ತೆಗೆದದ್ದು ಯಾವಾಗ... ಹೀಗೆ. 1968ರಲ್ಲಿ ಇದನ್ನೆಲ್ಲ ಸೇರಿಸಿ 64 ಪುಟದ ಒಂದು ಪುಸ್ತಕ ಮಾಡಿ, ಸ್ವಂತ ದುಡ್ಡಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಿದರು. ಆ ದುಡ್ಡಿಗೆ ಅಜ್ಜಿಯ ಎರಡು ಬಳೆ ಹೋದವು ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ ಗುಟ್ಟು. ಪುಸ್ತಕ ಎಷ್ಟು ಮಾರಾಟ ಆಯ್ತು ಅಂತ ಅಜ್ಜಿಯನ್ನು ಕೇಳಿದರೆ, 'ಒಲೆ ಹಚ್ಚೋಕೆ ಎರಡು ಮಳೆಗಾಲ ಬಂತು' ಅನ್ನುತ್ತಿದ್ದರು. ಅಜ್ಜ ಹೋಗಿದ್ದು 1984ರಲ್ಲಿ. ಆ ಹೊತ್ತಿಗಾಗಲೇ ಮನೆಯಲ್ಲಿ ಒಂದೂ ಪ್ರತಿ ಉಳಿದಿರಲಿಲ್ಲ.

ನಾನು ಆ ಪುಸ್ತಕವನ್ನು ಮೊದಲ ಸಲ ಕಣ್ಣಾರೆ ನೋಡಿದ್ದು 1999ರಲ್ಲಿ, ನಮ್ಮ ಕಡೆಯ ಒಂದು ಊರಿನ ಸರ್ಕಾರಿ ಲೈಬ್ರರಿಯಲ್ಲಿ. (ಯಾವ ಊರು ಅಂತ ಹೇಳೋಲ್ಲ. ಅಲ್ಲಿ ಈಗ ಕೆಲಸ ಮಾಡೋರದ್ದು ಇದರಲ್ಲಿ ಯಾವ ತಪ್ಪೂ ಇಲ್ಲ.) ಕಾಲೇಜಿನ ದಿನಗಳು, ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ಸುಮ್ಮನೆ ಒಳಗೆ ಹೋಗಿದ್ದೆ. ಕೃಷಿ ಪುಸ್ತಕಗಳ ನಡುವೆ ತೆಳ್ಳಗೆ ಸಿಕ್ಕಿಹಾಕಿಕೊಂಡಿತ್ತು. ರಕ್ಷಾಪುಟದ ಮೇಲೆ ಅಜ್ಜನ ಹೆಸರು. ಹಿಂಬದಿಯ ತಾರೀಖಿನ ಚೀಟಿಯಲ್ಲಿ ಮೂರೇ ಮೂರು ಮೊಹರು, ಕೊನೆಯದು 1978ರದ್ದು. ಮನೆಗೆ ತಗೊಂಡು ಹೋಗೋಣ ಅಂದರೆ ನಾನು ಮೆಂಬರ್ ಅಲ್ಲ. ಮೆಂಬರ್ ಆಗೋಕೆ ಠೇವಣಿ ಕಟ್ಟಬೇಕು, ಜೊತೆಗೆ ಯಾರಾದರೂ ಗೆಜೆಟೆಡ್ ಆಫೀಸರ್ ಜಾಮೀನು ಸಹಿ ಹಾಕಬೇಕು ಅಂದರು. ನಮಗೆ ಗೊತ್ತಿದ್ದ ದೊಡ್ಡ ಆಫೀಸರ್ ಅಂದ್ರೆ ಪೋಸ್ಟ್ ಮ್ಯಾನ್ ಮಾತ್ರ. 'ಇರ್ಲಿ ಬಿಡು, ಇಲ್ಲೇ ಇರುತ್ತಲ್ಲ, ಲೈಬ್ರರೀಲಿ ಇರೋದು ಎಲ್ಲಿಗೆ ಹೋಗುತ್ತೆ?' ಅಂತ ಬಸ್ ಹತ್ತಿದೆ.

2012ರಲ್ಲಿ ಮತ್ತೆ ಹೋದಾಗ ಪುಸ್ತಕ ಇರಲಿಲ್ಲ. ಆ ಕಪಾಟೇ ಇರಲಿಲ್ಲ. ಕಟ್ಟಡ ಸೋರುತ್ತಿತ್ತಂತೆ, ಗೆದ್ದಲು ಹಿಡಿದಿತ್ತಂತೆ, ಓದದೇ ಇರೋ ಹಳೇ ಪುಸ್ತಕಗಳ ಪಟ್ಟಿ ಮಾಡಿ ರದ್ದಿಗೆ ಹಾಕಿದರಂತೆ. ಕೆಜಿ ಲೆಕ್ಕ. ಮೇಜಿನ ಹಿಂದೆ ಕೂತಿದ್ದವರು ಒಳ್ಳೇ ಮನುಷ್ಯ. ಪಾಪ, ರಿಜಿಸ್ಟರ್ ತೆಗೆದು ತೋರಿಸಿದರು. ಅಜ್ಜನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿತ್ತು.

ಆಗ ಬೇಜಾರಾಯ್ತು, ಕೋಪ ಬರಲಿಲ್ಲ. ಕೋಪ ಬಂದಿದ್ದು ಹೋದ ವರ್ಷ, ನಮ್ಮೂರ ಪಕ್ಕದ ಒಂದು ಸಣ್ಣ ಕಟ್ಟೆಯ ಅಂಗಳದಲ್ಲಿ ಸೈಟಿನ ಕಲ್ಲು ನೆಟ್ಟಾಗ. 'ಇಲ್ಲಿ ಕಟ್ಟೆ ಇತ್ತು ಅನ್ನೋಕೆ ಏನ್ರೀ ಸಾಕ್ಷಿ?' ಅಂತ ಅವರು ಕೇಳಿದಾಗ ನಮ್ಮ ಚಿಕ್ಕಪ್ಪ ಫೋನ್ ಮಾಡಿ, 'ಮಗಾ, ಅಪ್ಪಯ್ಯನ ಪುಸ್ತಕದಲ್ಲಿ ಇತ್ತಲ್ಲೋ' ಅಂದರು. ಅಜ್ಜನ ಪುಸ್ತಕ ಕೋರ್ಟಿನಲ್ಲಿ ಎಷ್ಟು ನಡೆಯುತ್ತೋ ನನಗೆ ಗೊತ್ತಿಲ್ಲ. ಆದರೆ ಅದೊಂದು ಕೈಯಲ್ಲಿದ್ದಿದ್ದರೆ ಊರಿನವರಿಗೆ ಮಾತಾಡೋಕೆ ಒಂದು ಹಿಡಿ ಇರುತ್ತಿತ್ತು.

ಈಗ ನೀವು ಹೇಳಿ. ಇಪ್ಪತ್ತು ವರ್ಷ ಯಾರೂ ಮುಟ್ಟಲಿಲ್ಲ ಅಂತ ರದ್ದಿಗೆ ಹಾಕಿದ್ದು ಸರೀನಾ?

ಲೈಬ್ರರಿಯವರ ಕಷ್ಟ ನನಗೆ ಅರ್ಥ ಆಗುತ್ತೆ. ಜಾಗ ಇಷ್ಟೇ, ಪುಸ್ತಕ ಪ್ರತಿ ವರ್ಷ ಬರ್ತಾನೇ ಇರುತ್ತೆ. ಹಳೇ ಗೈಡು, ಹರಿದ ಕಾದಂಬರಿಯ ನಾಲ್ಕನೇ ಪ್ರತಿ, ಇವನ್ನೆಲ್ಲ ತೆಗೆಯಲೇಬೇಕು. ತೆಗೆಯದೇ ಇದ್ದರೆ ಅದು ಲೈಬ್ರರಿ ಅಲ್ಲ, ಗೋಡೌನ್. ಆದರೆ ಗೈಡನ್ನೂ, ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಪುಸ್ತಕವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ? ಎಸ್.ಆರ್. ರಂಗನಾಥನ್ ಅವರ ಹೆಸರು ನೀವೆಲ್ಲ ಕೇಳಿರ್ತೀರಿ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಪ್ರಕಟಿಸಿದವರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಸಂಸ್ಥೆ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಯಾರೂ ಮುಟ್ಟದ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದೇ ಇರ್ತಾನೆ, ಅವನಿಗೆ ಅದನ್ನು ತಲುಪಿಸೋದು ಲೈಬ್ರರಿಯ ಕೆಲಸ ಅನ್ನೋ ಅರ್ಥದ ಮಾತು ಅವರ ಮೂರನೇ ಸೂತ್ರದಲ್ಲಿದೆ. ಅಜ್ಜನ ಪುಸ್ತಕದ ಓದುಗ ಬಂದಿದ್ದ. ಬರೋದು ಸ್ವಲ್ಪ ತಡ ಆಗಿತ್ತು ಅಷ್ಟೇ.

ಕೋಪ ಆರಲಿ ಅಂತ ಕಾಯುವಾಗ ಒಂದಷ್ಟು ಓದಿದೆ. ನಮ್ಮಲ್ಲಿ ಲೈಬ್ರರಿಗೆ ಒಂದು ಕಾನೂನೇ ಇದೆ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. 1965ರದ್ದು, ಇನ್ನೂ ಮೈಸೂರು ರಾಜ್ಯ ಅಂತ ಹೆಸರಿದ್ದಾಗಿನದು. 1966ರ ನವೆಂಬರ್ 1ರಿಂದ ಜಾರಿಗೆ ಬಂತು. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಗೆ ರಾಜ್ಯ ಕೇಂದ್ರ ಗ್ರಂಥಾಲಯ ಅನ್ನೋ ಪಟ್ಟ ಇರೋದು, ನಮ್ಮ ನಿಮ್ಮ ಮನೆ ಕಂದಾಯದಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರೋದು, ಎರಡಕ್ಕೂ ಅದೇ ಬುಡ.

ಕರದ ವಿಚಾರ ಬಂತಲ್ಲ, ನಿಮ್ಮ ಹಳೇ ರಶೀದಿ ಒಂದು ತೆಗೆದು ನೋಡಿ. ನನ್ನ ಹತ್ತಿರ ಬಿಬಿಎಂಪಿ ಕಾಲದ್ದು ಇದೆ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3. ಅಂದರೆ ಹತ್ತು ಸಾವಿರ ತೆರಿಗೆ ಕಟ್ಟುವವರು ವರ್ಷಕ್ಕೆ ಆರುನೂರು ರೂಪಾಯಿ ಲೈಬ್ರರಿಗೆ ಕೊಡ್ತಾರೆ. ಕಾಯಿದೆ ಬಂದಾಗ ರೂಪಾಯಿಗೆ 3 ಪೈಸೆ ಇದ್ದದ್ದು ಆಮೇಲೆ 6 ಆಯ್ತು. ಬಾಡಿಗೆ ಮನೆಯವರೇನೂ ಬಚಾವಲ್ಲ, ಓನರ್ರು ಬಾಡಿಗೆಯಲ್ಲೇ ಸೇರಿಸಿರ್ತಾರೆ :-) ಹೀಗೆ ಪಾಲಿಕೆ ವಸೂಲಿ ಮಾಡಿದ್ದು ಗ್ರಂಥಾಲಯ ಇಲಾಖೆಗೆ ಪೂರ್ತಿ ಹೋಗದೆ ಬಾಕಿ ಉಳಿದಿದೆ ಅನ್ನೋ ಸುದ್ದಿ ಬಿಬಿಎಂಪಿ ಇದ್ದಷ್ಟು ವರ್ಷವೂ ಪೇಪರಿನಲ್ಲಿ ಬರುತ್ತಲೇ ಇತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆ ಬಂದವು. ಹಳೇ ಬಾಕಿಯನ್ನು ಐವರೂ ಸೇರಿ ಮರೆಯದಿದ್ದರೆ ಸಾಕು.

ನಾನು ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ಲೈಬ್ರರಿ ಸರ್ಕಾರ ನಮಗೆ ಮಾಡ್ತಿರೋ ಧರ್ಮ ಅಲ್ಲ. ನಾವು ದುಡ್ಡು ಕೊಟ್ಟಿದೀವಿ. ನಾವ್ಯಾರೂ ಅದರ ಲೆಕ್ಕ ಕೇಳಿಲ್ಲ. ನಾನೂ ಕೇಳಿರಲಿಲ್ಲ. 1999ರಲ್ಲಿ ಒಂದು ಸಹಿಗೆ ಹೆದರಿ ಬಸ್ ಹತ್ತಿದವನು ನಾನು.

ಅದೇ ಕಾಯಿದೆಯಲ್ಲಿ ನನಗೆ ಗೊತ್ತೇ ಇರದಿದ್ದ ಇನ್ನೊಂದು ಸಂಗತಿ ಇತ್ತು. ರಾಜ್ಯದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಗಳನ್ನು ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕೊಡಬೇಕು. ಕಥೆ, ಪಂಚಾಂಗ, ಕೆರೆ ಕಟ್ಟೆ, ಏನೇ ಇರಲಿ. ಚೆನ್ನಾಗಿದೆಯಾ, ಮಾರಾಟ ಆಗುತ್ತಾ ಅಂತ ಕೇಳೋ ಹಾಗಿಲ್ಲ. ಅಚ್ಚಾಯ್ತಾ? ಕೊಡಿ, ಇಟ್ಕೊಳ್ತೀವಿ. ಇಷ್ಟು ಉದಾರವಾದ ಮಾತು ನಮ್ಮ ಕಾನೂನಿನಲ್ಲಿ ಇನ್ನೆಲ್ಲಾದರೂ ಇದೆಯೋ ಇಲ್ಲವೋ. (ದೇಶದ ಮಟ್ಟದಲ್ಲೂ ಇಂಥದ್ದೇ 1954ರ ಕಾಯಿದೆ ಇದೆ, ಅದರ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರ ಲೈಬ್ರರಿಗೆ ಪುಸ್ತಕ ಕಳಿಸಬೇಕು.)

ಲೆಕ್ಕ ಹಾಕಿದೆ. ಕಾಯಿದೆ ಜಾರಿಗೆ ಬಂದದ್ದು 1966. ಅಜ್ಜನ ಪುಸ್ತಕ 1968. ಪ್ರೆಸ್ಸಿನವನು ನಿಯತ್ತಿನವನಾಗಿದ್ದರೆ...

ಹೋಗಿದ್ದು ಒಂದು ಭಾನುವಾರ. ಲೈಬ್ರರಿಗೆ ವಾರದ ರಜ ಸೋಮವಾರ ಇರೋದು ನನ್ನಂಥ ಕೆಲಸಕ್ಕೆ ಹೋಗೋರಿಗೆ ದೊಡ್ಡ ಉಪಕಾರ. ವಿಧಾನಸೌಧದ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಹೈಕೋರ್ಟನ್ನು ಬಳಸಿಕೊಂಡು ಪಾರ್ಕಿನೊಳಗೆ ನಡೆದರೆ ಸಿಗುತ್ತೆ. ಮುಂದೆ ದಿವಾನ್ ಶೇಷಾದ್ರಿ ಅಯ್ಯರ್ ಪ್ರತಿಮೆ, 1913ರಲ್ಲಿ ವೈಸ್ ರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಹಿಂದೆ ಅವರ ನೆನಪಿಗೆ 1915ರಲ್ಲಿ ಎದ್ದ ಕೆಂಪು ಕಟ್ಟಡ, ಬಿಳೀ ಕಂಬಗಳು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನಲ್ಲಿ ದಿವಾನರಾಗಿದ್ದವರು. ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿ ನೀರು ತಂದವರು, ಶಿವನಸಮುದ್ರದ ಕರೆಂಟಿನ ಕೆಲಸ ಶುರು ಮಾಡಿಸಿದವರು. ನಮ್ಮಜ್ಜನ ಕೆರೆ ಪುಸ್ತಕ ಹುಡುಕಿಕೊಂಡು ಹೋದವನಿಗೆ ನೀರು ತಂದ ದಿವಾನರೇ ಬಾಗಿಲಲ್ಲಿ ನಿಂತಿದ್ದು ಶುಭಶಕುನ ಅನ್ನಿಸ್ತು. ಪ್ರತಿಮೆಯ ಕೆಳಗೆ ಒಂದು ಜೋಡಿ ಸೆಲ್ಫಿ ತೆಗೀತಿತ್ತು. ಒಳಗೆ ಲೈಬ್ರರಿ ಇದೆ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ.

ಒಳಗೆ ಮೇಲೆ ಎತ್ತರದ ಸೂರು, ಕೆಳಗೆ ಉದ್ದ ಮೇಜು. ಇದ್ದವರಲ್ಲಿ ಹೆಚ್ಚಿನವರು ಹುಡುಗ ಹುಡುಗಿಯರು, ಬ್ಯಾಗಿನಲ್ಲಿ ತಮ್ಮದೇ ಪುಸ್ತಕ ತಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಈ ಬಗ್ಗೆ ನಮ್ಮಂಥವರು ಮೂಗು ಮುರಿಯೋದು ವಾಡಿಕೆ. 'ಕಪಾಟಿನ ಪುಸ್ತಕ ಮುಟ್ಟೋಲ್ಲ, ಫ್ಯಾನು ಕುರ್ಚಿಗೆ ಬರ್ತಾರೆ' ಅಂತ. ನಾನೂ ಹಿಂದೆ ಹಾಗೇ ಬರೆದಿದ್ದೆ, ಈಗ ವಾಪಸ್ ತಗೋತೀನಿ. ವಿಜಯನಗರದ ಕಡೆ ಹೋಗಿ ನೋಡಿ, ಒಂದು ಕುರ್ಚಿ ಮೇಜಿಗೆ ತಿಂಗಳಿಗಿಷ್ಟು ಅಂತ ಬಾಡಿಗೆ ವಸೂಲಿ ಮಾಡೋ ರೀಡಿಂಗ್ ರೂಮುಗಳು ಎಷ್ಟಿವೆ ಅಂತ. ಆ ಬಾಡಿಗೆ ಕೊಡೋಕಾಗದ ಹುಡುಗನಿಗೆ ಬಿಟ್ಟಿ ಕುರ್ಚಿ, ಬೆಳಕು, ಕುಡಿಯೋ ನೀರು ಸಿಗೋದು ಸಣ್ಣ ಸೇವೆ ಅಲ್ಲ. ಆದರೆ ಕುರ್ಚಿ ತುಂಬಿದ್ದನ್ನು ತೋರಿಸಿ ಲೈಬ್ರರಿ ಚೆನ್ನಾಗಿ ನಡೀತಿದೆ ಅಂದರೆ ಒಪ್ಪೋಲ್ಲ. ಕುರ್ಚಿಯನ್ನು ಯಾವ ಛತ್ರದಲ್ಲಾದರೂ ಹಾಕಬಹುದು. ಪುಸ್ತಕ ಕಾಪಾಡೋದನ್ನ ಛತ್ರದವರು ಮಾಡೋಲ್ಲ.

'ಈಗೆಲ್ಲ ಡಿಜಿಟಲ್ ಅಲ್ವಾ' ಅಂತ ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ, ಕೊರೊನಾ ಕಾಲದಲ್ಲಿ ಶುರುವಾಯ್ತು. ನಾನೂ ಮೆಂಬರ್. ಆಗಲಿ ಜಾಮೀನು ಸಹಿ ಕೇಳಲಿಲ್ಲ ಅಂತ ಖುಷಿಯೂ ಆಯ್ತು. ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದ ಮೇಲೆ ಅರಿವು ಕೇಂದ್ರ ಅಂತಾಗಿ, ನಮ್ಮೂರಿನದಂತೂ ಸುಣ್ಣ ಬಣ್ಣ ಕಂಡು, ಮಕ್ಕಳು ನೆಲದ ಮೇಲೆ ಕೂತು ಗಲಾಟೆ ಮಾಡ್ತಾ ಓದೋದನ್ನ ನಾನೇ ನೋಡಿದೀನಿ. ಎಲ್ಲಾ ಒಳ್ಳೇದೇ. ಆದರೆ ಯಾರೋ ಸ್ಕ್ಯಾನ್ ಮಾಡೋವರೆಗೆ ಕಾಗದ ಉಳಿದಿರಬೇಕಲ್ಲ? ಸ್ಕ್ಯಾನ್ ಮಾಡಿದ ಮೇಲೂ ಅದನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ? ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಅಂಗಳದಿಂದ ನಡೆಯುತ್ತಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯಾ? ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿದರು, ಕನ್ನಡದ್ದೂ ಸಾವಿರಾರು. ಆಮೇಲೆ ಒಂದು ದಿನ ಆ ತಾಣವೇ ನಿಂತುಹೋಯ್ತು. ಅಷ್ಟು ಹೊತ್ತಿಗೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ನಕಲು ಇಟ್ಟಿದ್ದರು, ಬದುಕಿತು. ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕೋ ಹಾಗೆ 'ಪುಸ್ತಕ ಸಂಚಯ' ಮಾಡಿದ್ದು ನಮ್ಮಂಥದ್ದೇ ಹವ್ಯಾಸಿಗಳು.

ಇನ್ನು ನಮ್ಮದೇ ಗತಿ ನೋಡಿ. ಆರ್ಕುಟ್ 2014ರಲ್ಲಿ ಹೋಯ್ತು, ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು. ಅಲ್ಲಿ ನಾವು ರಾತ್ರಿಯೆಲ್ಲ ಕೂತು ಮಾಡಿದ ಜಗಳಗಳೆಲ್ಲ ಗಾಳಿಪಾಲು. (ಕೆಲವು ಹೋಗಿದ್ದೇ ಒಳ್ಳೇದು ಬಿಡಿ.) ಯುನಿಕೋಡ್ ಬರೋ ಮೊದಲು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಬರೆದಿಟ್ಟ ಎಷ್ಟೋ ಪುಟ ಇವತ್ತು ತೆರೆದರೆ ಇರುವೆ ಶಾಯಿಯಲ್ಲಿ ಓಡಾಡಿದ ಹಾಗೆ ಕಾಣುತ್ತೆ. ನನ್ನ ಬ್ಲಾಗ್ ರೋಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನರ ಕೊಂಡಿ ಒತ್ತಿದರೆ ಏನೂ ಬರೋಲ್ಲ. ಅಜ್ಜ ಬಳೆ ಮಾರಿ ಅಚ್ಚು ಹಾಕಿಸಿದ್ದಕ್ಕೆ ಕಾಯಿದೆಯ ಒಂದು ಕಲಂ ಆದರೂ ಇತ್ತು. ನಾವು ಬಿಟ್ಟಿ ಜಾಗದಲ್ಲಿ ಬರೆದದ್ದಕ್ಕೆ ಅದೂ ಇಲ್ಲ.

ಹಾಗಾಗಿ ನಾನು ಕೇಳೋದು ಬಹಳ ಸಣ್ಣದು. ಯಾವ ಊರಿನ ಲೈಬ್ರರಿಯೇ ಆಗಲಿ, ಪುಸ್ತಕದ ಹೆಸರಿನ ಮೇಲೆ ಕೆಂಪು ಗೆರೆ ಎಳೆಯೋ ಮೊದಲು, ಇದರ ಇನ್ನೊಂದು ಪ್ರತಿ ಕಬ್ಬನ್ ಪಾರ್ಕಿನಲ್ಲಿ ಇದೆಯಾ ಅಂತ ಕೂತಲ್ಲೇ ನೋಡುವ ಹಾಗಿರಬೇಕು. ಇದ್ದರೆ ಧಾರಾಳವಾಗಿ ರದ್ದಿಗೆ ಹಾಕಲಿ. ಇಲ್ಲದಿದ್ದರೆ ಒಂದು ಪೋಸ್ಟ್ ಮಾಡಲಿ. ಪುಸ್ತಕದ ಅಂಚೆಗೆ ಎಷ್ಟು ಮಹಾ ಖರ್ಚಾದೀತು? ನನ್ನ ಆರುನೂರು ರೂಪಾಯಿಯಲ್ಲಿ ಮುರ್ಕೊಳ್ಲಿ. ಊರಿನ ಇತಿಹಾಸ, ದೇವಸ್ಥಾನದ ಚರಿತ್ರೆ, ಶಾಲೆಯ ಬೆಳ್ಳಿಹಬ್ಬದ ಸಂಚಿಕೆ, ಸಹಕಾರ ಸಂಘದ ವರದಿ, ಇವನ್ನಂತೂ ಎಷ್ಟೇ ವರ್ಷ ಯಾರೂ ಮುಟ್ಟದಿದ್ದರೂ ತೆಗೆಯಬಾರದು. ಇವುಗಳನ್ನು ಓದೋರು ಐವತ್ತು ವರ್ಷಕ್ಕೊಬ್ಬರೇ ಬರೋದು, ಬಂದವರು ತುರ್ತಿನಲ್ಲೇ ಬರೋದು. ಮತ್ತೆ ಪಟ್ಟಿ ಮಾಡೋಕೆ ಜನ ಬೇಕು. ಗ್ರಂಥಪಾಲಕರ ಹುದ್ದೆ ಖಾಲಿ ಬಿಟ್ಟು ಪುಸ್ತಕ ಮಾತ್ರ ಕಳಿಸಿದರೆ ಪ್ರಯೋಜನ ಇಲ್ಲ. ಎಲ್ಲಿದೆ ಅಂತ ಗೊತ್ತಿಲ್ಲದ ಪುಸ್ತಕ ಇದ್ದೂ ಇಲ್ಲದ ಹಾಗೇ.

ಸರಿ, ಆ ಭಾನುವಾರ ಏನಾಯ್ತು ಅಂತ ಹೇಳಿಬಿಡ್ತೀನಿ. ಅಜ್ಜನ ಹೆಸರು, ಪುಸ್ತಕದ ಹೆಸರು, ವರ್ಷ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೇಜಿನಲ್ಲಿದ್ದ ಮೇಡಂ ಎರಡು ಸಲ ಓದಿ, 'ಕೆರೆ ಮೇಲೆ ಬರೆದಿದ್ದಾ? ಕೂತಿರಿ ಸಾರ್, ಸ್ವಲ್ಪ ಹೊತ್ತಾಗುತ್ತೆ' ಅಂದರು. ಸ್ವಲ್ಪ ಹೊತ್ತು ಅಂದರೆ ಮುಕ್ಕಾಲು ಗಂಟೆ. ನಾನು ಆ ಮುಕ್ಕಾಲು ಗಂಟೆಯಲ್ಲಿ ಪೇಪರಿನ ಒಂದೇ ಪುಟವನ್ನು ಆರು ಸಲ ಓದಿದೆ.

ಇತ್ತು.

ಧೂಳು ಒರೆಸಿ ತಂದುಕೊಟ್ಟರು. ರಕ್ಷಾಪುಟ ಸ್ವಲ್ಪ ಮಾಸಿತ್ತು, ಒಳಗೆಲ್ಲ ಹೊಸದರ ಹಾಗೇ ಇತ್ತು, ಒಂದೆರಡು ಕಡೆ ಹಾಳೆಯ ಅಂಚನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ. ಹಳೇ ಪ್ರೆಸ್ಸಿನವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಮುನ್ನುಡಿಯಲ್ಲಿ ಅಜ್ಜ ಅಚ್ಚಿನ ತಪ್ಪುಗಳಿಗೆ ಕ್ಷಮೆ ಕೇಳಿದ್ದರು, ಅಜ್ಜಿಯ ಬಳೆಯ ಸುದ್ದಿ ಇರಲಿಲ್ಲ. ಕಟ್ಟೆಯ ವಿವರ 33ನೇ ಪುಟದಲ್ಲಿತ್ತು. ಒಂದು ತೂಬು, ಬಡಗಣ ಕೋಡಿ, ನೀರುಗಂಟಿಯ ಮನೆತನ, ಏರಿಯ ಮೇಲೆ ಎರಡು ಹುಣಸೆಮರ. ಅದರಲ್ಲಿ ಒಂದು ಮರ ಈಗಲೂ ಇದೆ, ಚಿಕ್ಕಪ್ಪ ಅದರ ಕೆಳಗೆ ನಿಂತೇ ನನಗೆ ಫೋನ್ ಮಾಡಿದ್ದು.

ಜೆರಾಕ್ಸ್ ಕೇಳಬಹುದಿತ್ತೋ ಏನೋ, ಯಾಕೋ ಕೈಯಲ್ಲೇ ಬರೆದುಕೊಳ್ಳೋಣ ಅನ್ನಿಸ್ತು. ಮೊದಲ ಪುಟದಿಂದಲೇ ಶುರು ಮಾಡಿದೆ. 33ನೇ ಪುಟ ಮುಗಿಯೋ ಹೊತ್ತಿಗೆ ಪೆನ್ನು ಕೈಕೊಡ್ತು. ಪಕ್ಕದಲ್ಲಿ ಓದುತ್ತಿದ್ದ ಹುಡುಗ ತನ್ನದೊಂದು ಪೆನ್ನು ಈ ಕಡೆ ತಳ್ಳಿದ. ಯಾವ ಪರೀಕ್ಷೆಗಪ್ಪಾ ಅಂದೆ. ಪಿಎಸ್‌ಐ ಅಂದ. ಸ್ವಲ್ಪ ಹೊತ್ತು ನಾನು ಬರೆಯೋದನ್ನೇ ನೋಡಿ, 'ನೀವು ಯಾವುದಕ್ಕೆ ಪ್ರಿಪೇರ್ ಮಾಡ್ತಿದೀರಾ ಸಾರ್, ಈ ವಯಸ್ಸಲ್ಲಿ?' ಅಂತ ಕೇಳಿದ. ನೀರುಗಂಟಿ ಕೆಲಸಕ್ಕೆ ಅಂದೆ :-)

ಇನ್ನೂ 31 ಪುಟ ಬಾಕಿ ಇದೆ. ಮುಂದಿನ ಭಾನುವಾರ ಮತ್ತೆ ಹೋಗ್ತೀನಿ, ಆ ಹುಡುಗನ ಪೆನ್ನೂ ವಾಪಸ್ ಕೊಡಬೇಕು. ಬರೋರಿದ್ದರೆ ಹೇಳಿ.